ಕೃಷಿ ಹೊಂಡದಲ್ಲಿ ಜಿಲೇಬಿ ಮೀನು (ಟಿಲಾಪಿಯಾ) ಮಾತ್ರ ಸಾಯುತ್ತಿವೆ, ಕಾಟ್ಲಾ ರೋಹು ಚೆನ್ನಾಗಿವೆ. ಇದು ವೈರಸ್ಸಾ?

ಮಾವಿನತೋಟ_ಶ್ರೀನಿವಾಸಪುರ
ಎಲ್ಲರಿಗೂ ನಮಸ್ಕಾರ. ನಮ್ಮದು ನೂರು ಅಡಿಗೆ ನೂರು ಅಡಿ ಕೃಷಿ ಹೊಂಡ, ಶೀಟ್ ಹಾಕಿದ್ದೇವೆ. ಹೋದ ಆಗಸ್ಟ್‌ನಲ್ಲಿ ಕಾಟ್ಲಾ, ರೋಹು, ಗೆಂಡೆ (ಕಾಮನ್ ಕಾರ್ಪ್) ಸೇರಿಸಿ 600 ಮರಿ ಬಿಟ್ಟಿದ್ದೆ. ಕಾಟ್ಲಾ ಈಗ ಅರ್ಧ ಕೆಜಿ ಹತ್ತಿರ ಬಂದಿವೆ. ಮಾರ್ಚ್‌ನಲ್ಲಿ ಒಬ್ಬರು ವ್ಯಾನಿನಲ್ಲಿ ಜಿಲೇಬಿ ಮರಿ ತಂದಿದ್ದರು. ಬೇಗ ಬೆಳೆಯುತ್ತೆ, ಬೇರೆ ಮೀನಿನ ಜೊತೆ ಹೊಂದಿಕೊಳ್ಳುತ್ತೆ ಅಂದರು. 400 ಮರಿ ತಗೊಂಡು ಬಿಟ್ಟೆ.

ಹನ್ನೆರಡು ದಿನ ಏನೂ ಇಲ್ಲ. ಆಮೇಲೆ ಶುರುವಾಯಿತು. ದಿನಾ 20, 30 ಸತ್ತು ತೇಲುತ್ತಿವೆ, ಇವತ್ತಿಗೆ ಎಂಟನೇ ದಿನ. ಸಾಯುವುದು ಜಿಲೇಬಿ ಮಾತ್ರ. ಒಂದು ಕಾಟ್ಲಾವೂ ಸತ್ತಿಲ್ಲ. ಊರಲ್ಲಿ ಒಬ್ಬರು ವೈರಸ್ ಅಂತಾರೆ, ಒಬ್ಬರು ಬಿಸಿಲು ಅಂತಾರೆ. ಬೇರೆ ಮೀನಿಗೂ ಹರಡುತ್ತಾ? ಈ ನೀರನ್ನು ಮಾವಿಗೆ ಬಿಡಬಹುದಾ? ಉಳಿದ ಮೀನು ತಿನ್ನಬಹುದಾ? ತಿಳಿದವರು ದಯವಿಟ್ಟು ಹೇಳಿ.

ಟೊಮೆಟೊ_ಕೋಲಾರ
ಆಕ್ಸಿಜನ್ ಕಡಿಮೆ ಆಗಿದೆ ಅಷ್ಟೇ. ಏಪ್ರಿಲ್ ಬಿಸಿಲು, ನೀರು ಇಳಿದಿರುತ್ತೆ. ಮೋಟರ್ ಹಾಕಿ ನೀರು ಮೇಲಿಂದ ಚಿಮ್ಮಿಸಿ, ಎರಡು ದಿನದಲ್ಲಿ ಸರಿಹೋಗುತ್ತೆ.

ಕುಣಿಗಲ್_ಕೆರೆಬದಿ
ಆಕ್ಸಿಜನ್ ಅಲ್ಲವೇ ಅಲ್ಲ. ಸ್ವಲ್ಪ ಯೋಚನೆ ಮಾಡಿ. ಉಸಿರು ಕಟ್ಟಿದರೆ ಮೊದಲು ಹೋಗುವುದು ಕಾಟ್ಲಾ, ಬೆಳ್ಳಿ ಗೆಂಡೆ. ಅದರಲ್ಲೂ ದಪ್ಪ ಮೀನು ಮೊದಲು. ಬೆಳಗಿನ ಜಾವ ಎಲ್ಲ ಮೇಲೆ ಬಂದು ಬಾಯಿ ಬಿಡುತ್ತವೆ, ಒಂದೇ ರಾತ್ರಿಗೆ ರಾಶಿ ಬೀಳುತ್ತೆ. ಜಿಲೇಬಿ ಗಟ್ಟಿ ಮೀನು, ಕೆಸರು ನೀರಲ್ಲೂ ಬದುಕುತ್ತೆ, ಕೊನೆಗೆ ಸಾಯುತ್ತೆ. ಇಲ್ಲಿ ಉಲ್ಟಾ ಆಗಿದೆ. ಕಾಟ್ಲಾ ಬದುಕಿದೆ, ಜಿಲೇಬಿ ಸಾಯುತ್ತಿದೆ. ದಿನಾ ಇಷ್ಟಿಷ್ಟೇ ಸಾಯುವುದು ರೋಗದ ಲಕ್ಷಣ.

ಟೊಮೆಟೊ_ಕೋಲಾರ
ಒಪ್ಪಿದೆ ಅಣ್ಣ. ಆ ಕಡೆಯಿಂದ ಯೋಚಿಸಿರಲಿಲ್ಲ.

ಗುಬ್ಬಿ_ತೆಂಗು
ನಾನು ಮೊದಲಿಂದ ಹೇಳುತ್ತಿದ್ದೇನೆ, ನಾಲ್ಕೈದು ಜಾತಿ ಸೇರಿಸಿ ಸಾಕುವುದೇ ತಪ್ಪು. ಒಂದರ ರೋಗ ಇನ್ನೊಂದಕ್ಕೆ. ಕೋಳಿ ಸಾಕುವವರು ಕೋಳಿ, ಬಾತು, ಟರ್ಕಿ ಒಂದೇ ಶೆಡ್ಡಲ್ಲಿ ಬಿಡುತ್ತಾರಾ? ಮೀನಿಗೆ ಮಾತ್ರ ಯಾಕೆ ಬೇರೆ ನ್ಯಾಯ? ಒಂದೇ ಜಾತಿ ಹಾಕಿ, ನೆಮ್ಮದಿಯಾಗಿರಿ.

ಕುಣಿಗಲ್_ಕೆರೆಬದಿ
ಒಂದೇ ಜಾತಿ ಹಾಕಿದ್ದರೆ ಇವರ ಹೊಂಡ ಇಷ್ಟು ಹೊತ್ತಿಗೆ ಪೂರ್ತಿ ಖಾಲಿ ಆಗಿರುತ್ತಿತ್ತು ಅಲ್ವಾ? ಮಿಶ್ರ ಇದ್ದಿದ್ದಕ್ಕೇ 600 ಉಳಿದಿವೆ. ಕಾಟ್ಲಾ ಮೇಲ್ಪದರದಲ್ಲಿ ತಿನ್ನುತ್ತೆ, ರೋಹು ನಡುವೆ, ಮೃಗಾಲ್ ಮತ್ತು ಗೆಂಡೆ ತಳದಲ್ಲಿ. ಒಂದರ ಮೇವಿಗೆ ಇನ್ನೊಂದು ಬಾಯಿ ಹಾಕಲ್ಲ. ನಾನು ಕೆರೆ ಹಿಡಿದು 22 ವರ್ಷ ಆಯಿತು, ಒಂದೇ ಜಾತಿ ಬಿಟ್ಟ ವರ್ಷ ಒಂದೂ ಇಲ್ಲ.

ಗುಬ್ಬಿ_ತೆಂಗು
ಕೆರೆ ಬೇರೆ, ಶೀಟ್ ಹಾಕಿದ ಹೊಂಡ ಬೇರೆ. ನಿಮ್ಮ ನೂರಾರು ಎಕರೆ ನೀರನ್ನು ಇವರ ಕಾಲೆಕರೆಗೆ ಹೋಲಿಸಬೇಡಿ.

ಮೀನುಶಾಲೆ_ಚಿಂತಾಮಣಿ
ಮಂಗಳೂರಿನಲ್ಲಿ ಮೀನುಗಾರಿಕೆ ಓದಿದ್ದೇನೆ, ಈಗ ಊರಲ್ಲೇ ಮೀನು ಸಾಕುತ್ತೇನೆ. ಇಬ್ಬರ ಮಾತಲ್ಲೂ ಅರ್ಧರ್ಧ ನಿಜ ಇದೆ.

ಮೀನಿನ ವೈರಸ್‌ಗಳಲ್ಲಿ ತುಂಬಾ ಹಟದವು ಇವೆ, ತಮಗೆ ಬೇಕಾದ ಜಾತಿಯನ್ನೇ ಹಿಡಿಯುತ್ತವೆ. ಟಿಲಾಪಿಯಾ ಲೇಕ್ ವೈರಸ್ ಅಂತ ಒಂದಿದೆ. ಮೊದಲು ಇಸ್ರೇಲಿನಲ್ಲಿ ಗುರುತಿಸಿದರು, 2014ರಲ್ಲಿ ಅದರ ವಿವರ ಪ್ರಕಟವಾಯಿತು. ಅಲ್ಲಿನ ಮಿಶ್ರ ಕೊಳಗಳಲ್ಲಿ ಟಿಲಾಪಿಯಾ ಸತ್ತವು, ಜೊತೆಗಿದ್ದ ಗೆಂಡೆಗೆ ಏನೂ ಆಗಲಿಲ್ಲ. 2018ರಲ್ಲಿ ನಮ್ಮ ದೇಶದಲ್ಲೂ, ಪಶ್ಚಿಮ ಬಂಗಾಳ ಮತ್ತು ಕೇರಳದಿಂದ ವರದಿ ಬಂತು. ಥಾಯ್ಲೆಂಡ್‌ನಲ್ಲಿ ಮರಿ ಬಿಟ್ಟ ಮೊದಲ ತಿಂಗಳಲ್ಲೇ ಸಾವು ಜಾಸ್ತಿ. ಅಣ್ಣ ಹೇಳಿದ ಹನ್ನೆರಡು ದಿನದ ಲೆಕ್ಕ ಓದಿದಾಗ ನನಗೆ ಮೊದಲು ಹೊಳೆದದ್ದು ಇದೇ.

ಹಾಗೇ ಕೋಯಿ ಹರ್ಪಿಸ್ ವೈರಸ್. ಅದು ಸಾಮಾನ್ಯ ಗೆಂಡೆ ಮತ್ತು ಕೋಯಿಯನ್ನು (ಬಣ್ಣದ ಗೆಂಡೆ) ಕೊಲ್ಲುತ್ತೆ. 2003ರಲ್ಲಿ ಜಪಾನಿನ ಕಸುಮಿಗೌರ ಸರೋವರದಲ್ಲಿ ಗೆಂಡೆ ಸಾಕಣೆಯನ್ನೇ ಮಲಗಿಸಿತು. ಚೀನಾದಲ್ಲಿ ಹುಲ್ಲು ಗೆಂಡೆಗೆ ರಕ್ತಸ್ರಾವ ತರುವ ರಿಯೋವೈರಸ್ ಇದೆ. ಇಂಥವುಗಳ ಮುಂದೆ ಮಿಶ್ರ ಸಾಕಣೆ ಒಂದು ರಕ್ಷಣೆಯೇ. ಒಂದು ಜಾತಿ ಹೋದರೂ ಉಳಿದವು ಕೈ ಹಿಡಿಯುತ್ತವೆ.

ಆದರೆ ಇನ್ನೊಂದು ಮುಖ ಇದೆ, ಅದನ್ನು ಯಾರೂ ಹೇಳಲ್ಲ. ಸಾಯದ ಮೀನು ಅಂದರೆ ರೋಗ ಇಲ್ಲದ ಮೀನು ಅಂತಲ್ಲ. ಕೋಯಿ ಹರ್ಪಿಸ್ ವೈರಸ್ಸನ್ನು ಗೋಲ್ಡ್ ಫಿಶ್, ಹುಲ್ಲು ಗೆಂಡೆ ತಮ್ಮ ಮೈಯಲ್ಲಿ ಇಟ್ಟುಕೊಂಡು ಆರಾಮಾಗಿ ಓಡಾಡಬಲ್ಲವು. ಅವನ್ನು ತೆಗೆದು ಇನ್ನೊಂದು ಕೊಳಕ್ಕೆ ಬಿಟ್ಟರೆ ಅಲ್ಲಿನ ಗೆಂಡೆ ಸಾಯಬಹುದು. ಹರ್ಪಿಸ್ ಗುಂಪಿನ ವೈರಸ್ ಒಮ್ಮೆ ಒಳಗೆ ಹೋದರೆ ಮೀನು ಬದುಕಿರುವವರೆಗೂ ಒಳಗೇ ಅಡಗಿರುತ್ತೆ.

ಇನ್ನು ಕೆಲವು ವೈರಸ್ ಜಾತಿ ನೋಡುವುದೇ ಇಲ್ಲ. ಮೀನಿನ ಗುಲ್ಮ ಮತ್ತು ಮೂತ್ರಪಿಂಡ ಹಾಳುಮಾಡುವ ಒಂದು ವೈರಸ್ ಅಲಂಕಾರಿಕ ಮೀನಿನಿಂದ ಹಿಡಿದು ತಿನ್ನುವ ಮೀನಿನವರೆಗೆ ಹತ್ತಾರು ಜಾತಿಗೆ ಬರುತ್ತೆ. 2018ರಲ್ಲಿ ಘಾನಾದ ವೋಲ್ಟಾ ಸರೋವರದಲ್ಲಿ ಪಂಜರದಲ್ಲಿ ಸಾಕಿದ ಟಿಲಾಪಿಯಾ ಇದರಿಂದಲೇ ರಾಶಿ ರಾಶಿ ಸತ್ತವು. ಅದಕ್ಕೇ ಅಂಗಳದ ತೊಟ್ಟಿಯ ಬಣ್ಣದ ಮೀನು ಹೊಂಡಕ್ಕೆ ಬರಬಾರದು.

ಅಣ್ಣ, ಸಾಯುವ ಮೀನಿನ ಮೈಬಣ್ಣ, ಕಣ್ಣು, ಹೊಟ್ಟೆ ಹೇಗಿದೆ ಹೇಳಿ.

ಮಾವಿನತೋಟ_ಶ್ರೀನಿವಾಸಪುರ
ಮೇಡಂ, ಈಗಷ್ಟೇ ಹೋಗಿ ನೋಡಿದೆ. ಮೈ ಕಪ್ಪಾಗಿದೆ. ಕಣ್ಣು ಮಂಜಾಗಿದೆ, ಕೆಲವಕ್ಕೆ ಕಣ್ಣು ಹೊರಗೆ ಉಬ್ಬಿದೆ. ಮೇವು ಮುಟ್ಟುತ್ತಿಲ್ಲ. ನಾಲ್ಕೈದು ಮರಿ ನೀರಿನ ಮೇಲೆ ಬುಗುರಿ ಥರ ಸುತ್ತುತ್ತಿದ್ದವು. ಕಾಟ್ಲಾ ಹಿಂಡಿ ಚೀಲಕ್ಕೆ ಎಂದಿನಂತೆ ಬರುತ್ತಿವೆ.

ಕುಣಿಗಲ್_ಕೆರೆಬದಿ
ಕಪ್ಪು ಮೈ, ಮಂಜು ಕಣ್ಣು, ಉಬ್ಬಿದ ಕಣ್ಣು. ಮೇಡಂ ಹೇಳಿದ ವೈರಸ್ಸೇ. ಇನ್ನೇನು ಬೇಕು?

ಬಲೆಮನೆ
ಸುತ್ತು ಹೊಡೆಯುತ್ತಿವೆ ಅಂದರಲ್ಲ, ಅದನ್ನು ಬಿಡಬೇಡಿ. ನಮ್ಮ ಮಾವ ಹೇಳುತ್ತಿದ್ದರು, ಸುತ್ತುವ ಮೀನಿಗೆ ತಲೆಗೆ ಏರಿದೆ ಅಂತ ಅರ್ಥ.

ಮಾಲೂರು_ನರ್ಸರಿ
ಬಣ್ಣದ ಮೀನಿನ ಮಾತು ಬಂದಿದ್ದಕ್ಕೆ ನನ್ನ ಕಥೆ ಹೇಳುತ್ತೇನೆ. ಬೆಂಗಳೂರಲ್ಲಿ ಪರಿಚಯದವರು ಮನೆ ಖಾಲಿ ಮಾಡುವಾಗ 15 ಕೋಯಿ ಕೊಟ್ಟರು. ನೋಡಲು ಚೆನ್ನಾಗಿತ್ತು, ಸೀದಾ ತಂದು ಗೆಂಡೆ ಇದ್ದ ಹೊಂಡಕ್ಕೆ ಬಿಟ್ಟೆ. ಮೂರು ವಾರದಲ್ಲಿ ಗೆಂಡೆಗಳು ತಳದಲ್ಲಿ ಮಲಗಲು ಶುರು ಮಾಡಿದವು. ಕೋಲು ತಾಗಿಸಿದರೆ ಸ್ವಲ್ಪ ಅಲುಗಾಡಿ ಮತ್ತೆ ಮಲಗುತ್ತಿದ್ದವು. ಕಿವಿರು ಬೆಳ್ಳಗೆ ಊದಿಕೊಂಡಿತ್ತು. 200 ಗೆಂಡೆಯಲ್ಲಿ ಉಳಿದದ್ದು 30 ಚಿಲ್ಲರೆ. ರೋಹುಗೆ ಏನೂ ಆಗಲಿಲ್ಲ. ಪರೀಕ್ಷೆ ಮಾಡಿಸಬೇಕು ಅನ್ನುವುದೇ ಗೊತ್ತಿರಲಿಲ್ಲ. ಇವತ್ತಿಗೂ ಆ ಗೆಂಡೆಗಳನ್ನು ನೆನೆದರೆ ಸಂಕಟ ಆಗುತ್ತೆ.

ಮೀನುಶಾಲೆ_ಚಿಂತಾಮಣಿ
ಕೋಯಿಗಳಿಗೆ ಬರುವ ನಿದ್ದೆ ರೋಗ ಅಂತ ಒಂದಿದೆ ಅಣ್ಣ. ಸಿಡುಬಿನ ಗುಂಪಿನ ವೈರಸ್. ಮೀನು ತಳದಲ್ಲಿ ಮಲಗಿರುತ್ತೆ, ಕಿವಿರು ಊದುತ್ತೆ. ನಮ್ಮ ದೇಶದ ಕೋಯಿಗಳಲ್ಲೂ ಕಂಡಿದೆ. ನಿಮ್ಮದು ಅದೇ ಅಂತ ಹೇಳಲು ಈಗ ಸಾಧ್ಯವಿಲ್ಲ, ಆದರೆ ಲಕ್ಷಣ ಹತ್ತಿರ ಇದೆ.

ಹೊಸ_ಹೊಂಡ_ಶಿರಾ
ಆಫ್ರಿಕನ್ ಕ್ಯಾಟ್‌ಫಿಶ್ ನಾಲ್ಕು ಬಿಡಿ. ಸತ್ತಿದ್ದನ್ನೆಲ್ಲ ತಿಂದು ಕ್ಲೀನ್ ಮಾಡುತ್ತೆ.

ಕುಣಿಗಲ್_ಕೆರೆಬದಿ
ದಯವಿಟ್ಟು ಈ ಸಲಹೆ ಯಾರಿಗೂ ಕೊಡಬೇಡಿ. ಆ ಮೀನನ್ನು 2000ದಲ್ಲೇ ಕೇಂದ್ರ ಸರ್ಕಾರ ನಿಷೇಧಿಸಿದೆ. ಸತ್ತಿದ್ದನ್ನು ಮಾತ್ರ ತಿಂದು ಸುಮ್ನೆ ಇರಲ್ಲ, ಬದುಕಿರುವುದನ್ನೂ ನುಂಗುತ್ತೆ. ಒಂದು ಮಳೆಗೆ ತೆವಳಿಕೊಂಡು ಕೆರೆ ಸೇರಿದರೆ ನಮ್ಮ ನಾಡಮೀನು ಮುಗಿಯಿತು. ಸತ್ತ ಮೀನು ಎತ್ತಿ, ಹೊಂಡದಿಂದ ದೂರ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿ. ದಂಡೆ ಮೇಲೆ ಎಸೆದರೆ ನಾಯಿ, ಕಾಗೆ ಎತ್ತಿಕೊಂಡು ಹೋಗಿ ಪಕ್ಕದವರ ಹೊಂಡದ ಹತ್ತಿರ ಬೀಳಿಸುತ್ತವೆ.

ಗುಬ್ಬಿ_ತೆಂಗು
ಔಷಧಿ ಅಂಗಡಿಯಲ್ಲಿ ಆಂಟಿಬಯಾಟಿಕ್ ಪುಡಿ ಸಿಗುತ್ತೆ, ಮೇವಿಗೆ ಕಲಸಿ ಕೊಡಿ. ನನಗೂ ಹೋದ ವರ್ಷ ಒಬ್ಬರು ಕೊಟ್ಟಿದ್ದರು.

ಮೀನುಶಾಲೆ_ಚಿಂತಾಮಣಿ
ವಾಸಿ ಆಯಿತಾ?

ಗುಬ್ಬಿ_ತೆಂಗು
ಇಲ್ಲ. 1,800 ರೂಪಾಯಿ ಹೋಯಿತು, ಮೀನೂ ಹೋಯಿತು. ಮೈಮೇಲೆ ಕೆಂಪು ಹುಣ್ಣು ಆಗಿತ್ತು. ವೈರಸ್ ಅಂತ ಹೇಳಿಯೇ ಆ ಪುಡಿ ಕೊಟ್ಟರು.

ಮೀನುಶಾಲೆ_ಚಿಂತಾಮಣಿ
ಇದೇ ನನಗೆ ಸಿಟ್ಟು ಬರಿಸುವುದು. ವೈರಸ್ ಅಂತ ಹೇಳಿ ಆಂಟಿಬಯಾಟಿಕ್ ಕೊಡುತ್ತಾರಲ್ಲ! ಆಂಟಿಬಯಾಟಿಕ್ ಬ್ಯಾಕ್ಟೀರಿಯಾಕ್ಕೆ ಮಾತ್ರ, ವೈರಸ್ಸಿಗೆ ಏನೂ ಮಾಡಲ್ಲ. ಆ ಕೆಂಪು ಹುಣ್ಣು ರೋಗವಾದರೆ ಅದು ವೈರಸ್ಸೂ ಅಲ್ಲ, ಬೂಷ್ಟಿನಂಥ ಒಂದು ಜೀವಿ. 1988ರಲ್ಲಿ ನಮ್ಮ ದೇಶಕ್ಕೆ ಬಂದಾಗ ದೊಡ್ಡ ಗಾಬರಿ ಆಗಿತ್ತು, ಎಷ್ಟೋ ಜನ ವೈರಸ್ ಅಂದುಕೊಂಡಿದ್ದರು. ಕೊರಮೀನಿಗೆ ಬೇಗ ಬರುತ್ತೆ. ಜಿಲೇಬಿ ಅದನ್ನು ಚೆನ್ನಾಗಿ ತಡೆದುಕೊಳ್ಳುತ್ತೆ.

ನಿಮ್ಮ ದುಡ್ಡು ಹೋಗಿದ್ದಕ್ಕೆ ಬೇಜಾರಾಯಿತು. ಹೆಸರು ಗೊತ್ತಿಲ್ಲದ ರೋಗಕ್ಕೆ ಔಷಧಿ ಹಾಕಬೇಡಿ, ಯಾರೇ ಹೇಳಲಿ.

ಟೊಮೆಟೊ_ಕೋಲಾರ
ಬೆಂಗಳೂರಿನ ಕೊಳಚೆ ನೀರು ಶುದ್ಧೀಕರಿಸಿ ಕಳಿಸುವ ಕೆಸಿ ವ್ಯಾಲಿ ನೀರಿನಿಂದ ಬಂದಿರಬಹುದಾ? 2018ರಿಂದ ನಮ್ಮ ಕಡೆ ಕೆರೆಗಳಿಗೆ ಅದೇ ನೀರು.

ಮಾವಿನತೋಟ_ಶ್ರೀನಿವಾಸಪುರ
ನಮ್ಮ ಹೊಂಡಕ್ಕೆ ಮಳೆ ನೀರು ಮತ್ತು ಬೋರ್‌ವೆಲ್ ಅಷ್ಟೇ.

ಬಲೆಮನೆ
ಮತ್ತೆ ನೀರಿನ ಮೇಲೆ ಹೋಗಬೇಡಿ, ಅದಕ್ಕೆ ಬೇರೆ ಚರ್ಚೆ ಮಾಡೋಣ. ಆದರೆ ಒಂದು ಮಾತು ಇಲ್ಲಿಗೂ ಸಲ್ಲುತ್ತೆ. ನಮ್ಮ ಜಿಲ್ಲೆಯ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ. ಮೇಲಿನ ಕೆರೆ ತುಂಬಿದರೆ ಕೆಳಗಿನದಕ್ಕೆ ನೀರು, ಮೀನು, ಮರಿ ಎಲ್ಲ ಹೋಗುತ್ತವೆ. ಈಗ ಬೇಸಿಗೆಯಲ್ಲೂ ನೀರು ಹರಿಯುತ್ತಿದೆ. ಮೊದಲು ಕೆರೆ ಬತ್ತಿ ಬಿರುಕು ಬಿಡುತ್ತಿತ್ತು, ರೋಗವೂ ಅಲ್ಲೇ ಒಣಗುತ್ತಿತ್ತು. ಅದಕ್ಕೇ ಹೇಳುತ್ತಿದ್ದೇನೆ, ಆ ಹೊಂಡದ ನೀರನ್ನು ದಮ್ಮಯ್ಯ ರಾಜಕಾಲುವೆಗೆ ಬಿಡಬೇಡಿ.

ಇನ್ನೊಂದು. ನಾವು ಬಲೆಯವರು. ಒಂದೇ ಬಲೆ ವಾರಕ್ಕೆ ಐದು ಹೊಂಡ ನೋಡುತ್ತೆ. ಮೀನು ಹಿಡಿಸುವವರು ಯಾರೂ ಕೇಳಲ್ಲ, ನಿನ್ನೆ ಎಲ್ಲಿದ್ದೆ ಅಂತ. ಒದ್ದೆ ಬಲೆಯನ್ನು ಹಾಗೇ ತಂದು ಇಳಿಸುತ್ತೇವೆ. ಈಗ ನಮ್ಮ ಮನೆಯವರು ಒಂದು ದಿನ ಪೂರ್ತಿ ಬಿಸಿಲಲ್ಲಿ ಒಣಗಿಸದೆ ಬಲೆ ಎತ್ತುವುದಿಲ್ಲ. ಕೂಲಿ ಒಂದು ದಿನದ್ದು ಹೋಗುತ್ತೆ, ಹೋಗಲಿ. ನೀವೂ ಕೇಳಿ. ಕೇಳಿದರೆ ನಮಗೆ ಬೇಜಾರಿಲ್ಲ.

ಶಿಡ್ಲಘಟ್ಟ_ರೇಷ್ಮೆ
ಮೀನು ನನಗೆ ಗೊತ್ತಿಲ್ಲ, ಹುಳ ಗೊತ್ತು. ಓದುತ್ತಾ ಒಂದು ಆಶ್ಚರ್ಯ. ನಾವು ರೇಷ್ಮೆಯವರು ಗಂಟು ರೋಗಕ್ಕೆ ಹೆದರಿ ತಾಯಿ ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಲ್ಲಿ ನೋಡಿದ ಮೇಲೇ ಆ ಮೊಟ್ಟೆ ಇಟ್ಟುಕೊಳ್ಳುವುದು. ಯಾಕೆಂದರೆ ಅದು ತಾಯಿಯಿಂದ ಮೊಟ್ಟೆಗೆ ಬರುತ್ತೆ. ಹುಳಕ್ಕೆ ಹಾಲುತೊಂಡೆ ರೋಗ ಬಂದರೆ ಮನೆ ಪೂರ್ತಿ ಬ್ಲೀಚಿಂಗ್ ಹಾಕಿ ತೊಳೆಯುತ್ತೇವೆ, ಗೂಡು ಕಟ್ಟಿಸುವ ಚಂದ್ರಿಕೆಯನ್ನೂ ಬಿಡಲ್ಲ. ಮೀನಿನ ಮರಿಯನ್ನು ನೀವು ವ್ಯಾನ್ ನಿಲ್ಲಿಸಿ ತಗೊಳ್ಳುತ್ತೀರಾ? ಎಲ್ಲಿಂದ ಬಂತು ಅಂತ ಒಂದು ಚೀಟಿಯೂ ಇಲ್ಲದೆ?

ಮಾವಿನತೋಟ_ಶ್ರೀನಿವಾಸಪುರ
ಕೇಳಲಿಲ್ಲ ಅಣ್ಣ. ಚೀಟಿ ಕೊಡಲಿಲ್ಲ. ಈಗ ಆ ನಂಬರಿಗೆ ಫೋನ್ ಮಾಡಿದರೆ ಎತ್ತುತ್ತಿಲ್ಲ.

ಮೀನುಶಾಲೆ_ಚಿಂತಾಮಣಿ
ರೇಷ್ಮೆ ಅಣ್ಣ ಸರಿಯಾದ ಜಾಗಕ್ಕೆ ಬಂದರು. ಟಿಲಾಪಿಯಾ ಲೇಕ್ ವೈರಸ್ ಕೂಡ ತಾಯಿ ಮೀನಿನಿಂದ ಮರಿಗೆ ಬರಬಲ್ಲದು. ಟಿಲಾಪಿಯಾ ಸಾಕಲು ಇಲಾಖೆಯ ಅನುಮತಿ ಬೇಕು, ಮರಿ ಮಾಡುವ ಕೇಂದ್ರಕ್ಕೂ ಬೇಕು. ಆ ನಿಯಮ ಸುಮ್ನೆ ಕಿರಿಕಿರಿಗೆ ಮಾಡಿದ್ದಲ್ಲ.

ಗುಬ್ಬಿ ಅಣ್ಣ, ನೀವು ಎಷ್ಟು ಜಾತಿ ಅಂತ ಎಣಿಸುತ್ತಿದ್ದೀರಿ. ನಾನು ಎಷ್ಟು ಕಡೆಯಿಂದ, ಎಷ್ಟು ಸಲ ತಂದರು ಅಂತ ಎಣಿಸುತ್ತೇನೆ. ನಾಲ್ಕು ಜಾತಿಯನ್ನು ಒಂದೇ ನಂಬಿಕೆಯ ಕೇಂದ್ರದಿಂದ ಒಂದೇ ದಿನ ತಂದರೆ ಭಯ ಕಡಿಮೆ. ಒಂದೇ ಜಾತಿಯನ್ನು ಮೂರು ಸಲ ಮೂರು ಕಡೆಯಿಂದ ತಂದರೆ ಮೂರು ಸಲ ಬಾಗಿಲು ತೆರೆದ ಹಾಗೆ. ಇಲ್ಲಿ ಆಗಸ್ಟ್ ಮರಿ ಏಳು ತಿಂಗಳು ಚೆನ್ನಾಗಿತ್ತು. ಮಾರ್ಚ್ ಮರಿ ಬಂದ ಮೇಲೆ ಸಾವು. ಜೊತೆಗೆ ಆ ಪ್ಯಾಕೆಟ್ಟಿನ ನೀರು. ಅದನ್ನು ಹೊಂಡಕ್ಕೇ ಸುರಿದಿರಿ ಅಲ್ವಾ?

ಮಾವಿನತೋಟ_ಶ್ರೀನಿವಾಸಪುರ
ಹೌದು ಮೇಡಂ, ಸುರಿದೆ. ಎಲ್ಲರೂ ಹಾಗೇ ಮಾಡುತ್ತಾರೆ.

ಗುಬ್ಬಿ_ತೆಂಗು
ಈ ಲೆಕ್ಕ ಒಪ್ಪುತ್ತೇನೆ. ಆದರೂ ಕಾಲೆಕರೆಯಲ್ಲಿ ಸಾವಿರ ಮೀನು ಜಾಸ್ತಿ ಆಯಿತು.

ಮೀನುಶಾಲೆ_ಚಿಂತಾಮಣಿ
ಚದರ ಮೀಟರಿಗೆ ಒಂದು ಬರುತ್ತೆ. ಮಳೆಗಾಲದ ತುಂಬಿದ ನೀರಲ್ಲಿ ನಡೆಯುತ್ತೆ, ಏಪ್ರಿಲ್‌ನಲ್ಲಿ ಇಳಿದ ನೀರಲ್ಲಿ ಬಿಗಿ. ಅದು ನಿಜ.

ಈಗ ಮುಖ್ಯ ಕೆಲಸ ಪರೀಕ್ಷೆ. ಸತ್ತ ಮೀನು ಬೇಡ, ಅದು ಬೇಗ ಕೊಳೆಯುತ್ತೆ. ಸಾಯುವ ಹಂತದಲ್ಲಿರುವ ಐದಾರು ಮೀನು ಬೇಕು. ಒಂದಷ್ಟನ್ನು ಆಕ್ಸಿಜನ್ ತುಂಬಿದ ಪ್ಯಾಕೆಟ್ಟಿನಲ್ಲಿ ಜೀವಂತ ಒಯ್ಯಿರಿ, ಬ್ಯಾಕ್ಟೀರಿಯಾ ಬೆಳೆಸಿ ನೋಡಲು. ಇನ್ನೊಂದಷ್ಟರ ಪಿತ್ತಜನಕಾಂಗ, ಗುಲ್ಮ, ಮಿದುಳಿನ ಚೂರನ್ನು ಆಲ್ಕೋಹಾಲಿನಲ್ಲಿ ಇಡಬೇಕು, ವೈರಸ್ ಇದೆಯಾ ಅಂತ ನೋಡುವ ಪಿಸಿಆರ್‌ಗೆ. ಅದನ್ನು ತಿಳಿದವರೇ ಮಾಡಲಿ. ಮೊದಲು ತಾಲ್ಲೂಕು ಮೀನುಗಾರಿಕೆ ಇಲಾಖೆಗೆ ತಿಳಿಸಿ. ಕೋಲಾರದಲ್ಲಿ ಟಮಕದ ಕೃಷಿ ವಿಜ್ಞಾನ ಕೇಂದ್ರ ಇದೆ, ದಾರಿ ತೋರಿಸುತ್ತಾರೆ. ಹೆಸರಘಟ್ಟದಲ್ಲಿ ಸಿಹಿನೀರು ಮೀನು ಸಂಶೋಧನೆಯ ಕೇಂದ್ರಗಳಿವೆ. ರೋಗ ತಿಳಿಸಲೆಂದೇ 2023ರಲ್ಲಿ ‘ರಿಪೋರ್ಟ್ ಫಿಶ್ ಡಿಸೀಸ್’ ಆ್ಯಪ್ ಬಂದಿದೆ, ಫೋಟೋ ಹಾಕಿ ಕಳಿಸಬಹುದು.

ಫಲಿತಾಂಶ ಬರುವವರೆಗೆ ಒಂದು ಮೀನೂ ಹೊರಗೆ ಹೋಗಬಾರದು. ನೀರು ಮಾವಿನ ಪಾತಿಗೆ ಬಿಡಿ, ತೊಂದರೆ ಇಲ್ಲ, ಮೀನಿನ ವೈರಸ್ ಗಿಡಕ್ಕೆ ಬರಲ್ಲ. ಮನುಷ್ಯರಿಗೂ ಬರಲ್ಲ.

ಹೊಸ_ಹೊಂಡ_ಶಿರಾ
ಹಾಗಾದರೆ ಸಾಯುವ ಮುಂಚೆ ಹಿಡಿದು ಮಾರಬಹುದಲ್ಲ? ನಷ್ಟ ಸ್ವಲ್ಪ ಕಡಿಮೆ ಆಗುತ್ತೆ.

ಬಲೆಮನೆ
ಬೇಡಪ್ಪ. ಸಂತೆಯಲ್ಲಿ ತೊಳೆದ ನೀರು ಎಲ್ಲಿ ಹೋಗುತ್ತೆ? ಚರಂಡಿ, ಚರಂಡಿಯಿಂದ ಕೆರೆ. ಕಾಯಿಲೆ ಮೀನನ್ನು ತಿನ್ನುವವರ ಕೈಗೆ ಕೊಡುವುದು ನಮ್ಮ ಮನೆತನದಲ್ಲಿ ಇಲ್ಲ.

ಮಾಲೂರು_ನರ್ಸರಿ
ಕಾಟ್ಲಾ ಹಿಡಿಯುವ ದಿನ ಬಂದರೆ ತೋತಾಪುರಿ ಕಾಯಿ ಹಾಕಿ ಸಾರು ಮಾಡಿ ಅಣ್ಣ. ಹುಣಸೆ ಬೇಡವೇ ಬೇಡ. ಮುದ್ದೆಗೆ ಅದರಂಥ ಸಾರು ಇನ್ನೊಂದಿಲ್ಲ.

ಟೊಮೆಟೊ_ಕೋಲಾರ
ಮೀನು ಸಾರಿಗೆ ಹುಣಸೆ ಇಲ್ಲದಿದ್ದರೆ ಅದು ಸಾರೇ ಅಲ್ಲ.

ಮಾಲೂರು_ನರ್ಸರಿ
ಒಮ್ಮೆ ತಿಂದು ನೋಡಿ, ಆಮೇಲೆ ಮಾತಾಡಿ.

ಮಾವಿನತೋಟ_ಶ್ರೀನಿವಾಸಪುರ
ಹದಿನಾರು ದಿನ ಆಯಿತು, ಫಲಿತಾಂಶ ಬಂತು. ಎಲ್ಲರೂ ಓದಿ.

ಟಿಲಾಪಿಯಾ ಲೇಕ್ ವೈರಸ್ ಇಲ್ಲ. ಮಿದುಳಲ್ಲಿ ಸ್ಟ್ರೆಪ್ಟೋಕಾಕಸ್ ಅನ್ನುವ ಬ್ಯಾಕ್ಟೀರಿಯಾ ಸಿಕ್ಕಿದೆ. ನೀರು ಬಿಸಿಯಾದಾಗ, ಮೀನು ಒತ್ತಾಗಿದ್ದಾಗ ಜಿಲೇಬಿಗೆ ಜೋರಾಗಿ ಬರುತ್ತಂತೆ. ಅದೂ ಕಣ್ಣು ಉಬ್ಬಿಸುತ್ತೆ, ಮೈ ಕಪ್ಪಾಗಿಸುತ್ತೆ. ಮಿದುಳಿಗೆ ಹೋಗುವುದರಿಂದ ಮೀನು ಸುತ್ತುತ್ತೆ. ಬಲೆಮನೆ ಅಕ್ಕ, ನಿಮ್ಮ ಮಾವ ಹೇಳಿದ್ದು ಸರಿ.

ಕುಣಿಗಲ್_ಕೆರೆಬದಿ
ನಾನು ವೈರಸ್ಸೇ ಅಂತ ತೀರ್ಪು ಕೊಟ್ಟುಬಿಟ್ಟಿದ್ದೆ. ತಪ್ಪಾಯಿತು.

ಮೀನುಶಾಲೆ_ಚಿಂತಾಮಣಿ
ನಾನೂ ಅತ್ತಲೇ ವಾಲಿದ್ದೆ. ಹನ್ನೆರಡು ದಿನದ ಲೆಕ್ಕ ಹಿಡಿದುಕೊಂಡು ಸುತ್ತು ಹೊಡೆಯುವುದನ್ನು ಬಿಟ್ಟೆ. ಈ ಎರಡು ರೋಗ ಹೊರಗಿಂದ ಒಂದೇ ಥರ ಕಾಣುತ್ತವೆ, ಕೆಲವೊಮ್ಮೆ ಎರಡೂ ಒಟ್ಟಿಗೇ ಇರುತ್ತವೆ.

ನಾನು ಮನುಷ್ಯರಿಗೆ ಬರಲ್ಲ ಅಂದಿದ್ದೆನಲ್ಲ, ಅದು ಮೀನಿನ ವೈರಸ್ಸಿನ ಮಾತು. ಈ ಬ್ಯಾಕ್ಟೀರಿಯಾ ಗುಂಪಿಗೆ ಅದು ಸಲ್ಲಲ್ಲ. ಇದರಲ್ಲಿ ಕೆಲವು ತಳಿಗಳು ಗಾಯದ ಮೂಲಕ ಮನುಷ್ಯರಿಗೆ ಸೋಂಕು ತರುತ್ತವೆ. 2015ರಲ್ಲಿ ಸಿಂಗಾಪುರದಲ್ಲಿ ಹಸಿ ಮೀನು ತಿಂದವರಿಗೆ ಬಂದಿತ್ತು. ಅಣ್ಣ, ಬರಿಗೈಯಲ್ಲಿ ಸತ್ತ ಮೀನು ಎತ್ತಿದ್ದಿರಾ? ಕೈಗೆ ಗಾಯ ಇದ್ದು ಕೆಂಪಾದರೆ, ಜ್ವರ ಬಂದರೆ ಡಾಕ್ಟರಿಗೆ ತೋರಿಸಿ, ಮೀನು ಮುಟ್ಟಿದ್ದನ್ನೂ ಹೇಳಿ.

ಮಾವಿನತೋಟ_ಶ್ರೀನಿವಾಸಪುರ
ಮೊದಲ ಎರಡು ದಿನ ಬರಿಗೈ, ಆಮೇಲೆ ಬುಟ್ಟಿ ಬಲೆ. ಏನೂ ಆಗಿಲ್ಲ ಮೇಡಂ.

ಉಳಿದಿದ್ದ 90 ಜಿಲೇಬಿ ಪೂರ್ತಿ ತೆಗೆದು ಹೂತೆವು. ಔಷಧಿ ಮೇವು ಈಗ ಬೇಡ ಅಂತ ಪರೀಕ್ಷೆ ಮಾಡಿದವರು ಅಂದರು, ಕಾಯಿಲೆ ಮೀನು ಮೇವೇ ತಿನ್ನಲ್ಲ. ಕಾಟ್ಲಾ, ರೋಹುವಲ್ಲಿ ಅದು ಸಿಕ್ಕಿಲ್ಲ, ಆದರೂ ಬೇರೆ ಹೊಂಡಕ್ಕೆ ಬಿಡಬೇಡಿ ಅಂದಿದ್ದಾರೆ. ಸಾವು ನಿಂತು ಒಂಬತ್ತು ದಿನ ಆಯಿತು. ಇನ್ನೂ ಮೂರು ವಾರ ನೋಡಿ, ಅವರನ್ನು ಕೇಳಿಯೇ ಹಿಡಿಸುತ್ತೇನೆ. ನೀರೆಲ್ಲ ಮಾವಿಗೆ. ಶೀಟ್ ತೊಳೆದು, ಬ್ಲೀಚಿಂಗ್ ಹಾಕಿ, ಮಳೆ ಬರುವವರೆಗೆ ಒಣಗಲು ಬಿಡುತ್ತೇನೆ.

ಶಿಡ್ಲಘಟ್ಟ_ರೇಷ್ಮೆ
ಬಕೆಟ್, ಹಗ್ಗ, ಬುಟ್ಟಿ ಬಲೆ ಎಲ್ಲ ಬ್ಲೀಚಿಂಗ್ ನೀರಲ್ಲಿ ಅದ್ದಿ. ನಮ್ಮಲ್ಲಿ ಅದನ್ನು ಮರೆತವರಿಗೇ ರೋಗ ಮತ್ತೆ ಬರುವುದು.

ಗುಬ್ಬಿ_ತೆಂಗು
ಆಗಸ್ಟ್‌ನಲ್ಲಿ ನನಗೂ ಮರಿ ಬೇಕು. ಈ ಸಲ ಕಾಟ್ಲಾ, ರೋಹು, ಗೆಂಡೆ ಮೂರೂ ಹಾಕುತ್ತೇನೆ, ಆದರೆ ಒಂದೇ ಕೇಂದ್ರದಿಂದ, ಚೀಟಿ ತಗೊಂಡು. ಮೇಡಂ, ತಂದ ಮರಿಯನ್ನು ಎಷ್ಟು ದಿನ ಬೇರೆ ಇಡಬೇಕು?

ಮೀನುಶಾಲೆ_ಚಿಂತಾಮಣಿ
ಎರಡರಿಂದ ಮೂರು ವಾರ, ಬೇರೆ ತೊಟ್ಟಿಯಲ್ಲಿ. ಅದೇ ಹೊಂಡದೊಳಗೆ ಹಾಪಾ (ಬಲೆಯ ಚೀಲ) ಕಟ್ಟಿದರೆ ಬೇರೆ ಇಟ್ಟ ಹಾಗಲ್ಲ, ನೀರು ಒಂದೇ ಅಲ್ವಾ. ಪ್ಯಾಕೆಟ್ಟಿನ ನೀರು ಗಿಡದ ಬುಡಕ್ಕೆ.

ಮಾವಿನತೋಟ_ಶ್ರೀನಿವಾಸಪುರ
ನಮ್ಮಲ್ಲಿ ಹಳೆಯ ಸಿಮೆಂಟ್ ತೊಟ್ಟಿ ಒಂದು ಖಾಲಿ ಬಿದ್ದಿದೆ, ಹನ್ನೆರಡು ಅಡಿ ಉದ್ದ. ನಾಳೆಯೇ ಅದರ ಬಿರುಕು ಮುಚ್ಚಿಸುತ್ತೇನೆ.